ಹಸಿರು ಕಾರಿನ ಗಾಳಿ

ರೇಡಿಯೇಟರಿನ ಮುಚ್ಚಳ ತೆಗೆದರೆ ಒಳಗಿನಿಂದ ಸಾರಿನ ವಾಸನೆ ಬಂತು.

ತಮಾಷೆಗೆ ಹೇಳುತ್ತಿಲ್ಲ. ಅರಿಶಿನದ ವಾಸನೆ. ನೀರು ಹಳದಿ ಬಣ್ಣಕ್ಕೆ ತಿರುಗಿ ಬಾಯಿಯವರೆಗೆ ಬಂದು ನಿಂತಿತ್ತು. ಎರಡೇ ಸೀಟಿನ, ಉದ್ದ ಮೂತಿಯ, ಹಸಿರು ಬಣ್ಣದ ಇಂಗ್ಲಿಷ್ ಸ್ಪೋರ್ಟ್ಸ್ ಕಾರು ಅದು. ಬಾನೆಟ್ಟಿನ ಮೇಲೆ ಚರ್ಮದ ಪಟ್ಟಿ. ಮಡಿಕೇರಿ ಬಸ್ ಸ್ಟ್ಯಾಂಡಿನ ಕೆಳಗಿದ್ದ ಉತ್ತಯ್ಯನವರ ಗ್ಯಾರೇಜಿನ ಮುಂದೆ ಅದು ಹೊಗೆಯಾಡುತ್ತ ನಿಂತದ್ದೇ ತಡ, ಊರಿನ ಅರ್ಧ ಜನ ಸುತ್ತ ಸೇರಿದ್ದರು. ಇಂಥ ಕಾರಿನ ಹೊಟ್ಟೆಗೆ ಅರಿಶಿನ ಸುರಿದ ಮಹಾತ್ಮರು ಯಾರು ಎಂದು ನನಗೆ ಮೈ ಉರಿಯಿತು.

ಆ ಕಾಲದಲ್ಲಿ ನನಗೆ ಯಾವುದಕ್ಕೆ ಮೈ ಉರಿಯುತ್ತಿರಲಿಲ್ಲ ಎಂದು ಕೇಳಿದರೆ ಉತ್ತರ ಬೇಗ ಸಿಗುತ್ತಿತ್ತು. ಎಂಟನೇ ಕ್ಲಾಸಿನಲ್ಲಿ ಮೇಷ್ಟ್ರ ಕೈಯಿಂದ ಬೆತ್ತ ಕಿತ್ತು ಮುರಿದು ಹೊರಗೆ ಬಂದವನು ನಾನು. ಅಜ್ಜನ ಕಾಲದಲ್ಲಿ ಹಾಸನದ ಕಡೆಯಿಂದ ಕುಶಾಲನಗರಕ್ಕೆ ಬಂದು ನೆಲೆಸಿದ ಬೇಸಾಯದ ಮನೆಯವನು. ಹೆಸರು ನಿಂಗರಾಜು. ಆದರೆ ಪೂರ್ತಿ ಹೆಸರು ಕರೆಯುವಷ್ಟು ಪುರುಸೊತ್ತು ಮಡಿಕೇರಿಯಲ್ಲಿ ಯಾರಿಗೂ ಇರಲಿಲ್ಲ. ಎಲ್ಲರಿಗೂ ನಿಂಗ.

"ರೀ, ರೇಡಿಯೇಟರ್‌ನಾಗೆ ಸಾರು ಕಾಯಿಸಿದ್ದು ಯಾರ್ರೀ?" ಎಂದು ಕೂಗಿದೆ.

ಸ್ಟೇರಿಂಗ್ ಹಿಂದೆ ಕೂತಿದ್ದ ಹುಡುಗಿ ತಲೆಗೆ ಕಟ್ಟಿದ್ದ ಸ್ಕಾರ್ಫ್ ನಿಧಾನವಾಗಿ ಬಿಚ್ಚಿದಳು. ಕಾರಿನಿಂದ ಇಳಿದಳು. ಬಂದು ನನ್ನ ಪಕ್ಕ ನಿಂತು ಒಳಗೆ ಇಣುಕಿ ನೋಡಿದಳು.

"ನಾನೇ," ಅಂದಳು. "ಸೋರುತ್ತಿತ್ತು. ಅರಿಶಿನ ಹಾಕಿದ್ರೆ ತೂತು ಮುಚ್ತದೆ ಅಂತ ಯಾರೋ ಹೇಳಿದ್ರು. ಉಪ್ಪು ಹಾಕಿಲ್ಲ. ರುಚಿ ನೋಡಿ ಹೇಳಿ, ಬೇಕಾದ್ರೆ ಹಾಕುವ."

ಸುತ್ತ ನಿಂತವರು ನಕ್ಕರು. ಉತ್ತಯ್ಯನವರೂ ನಕ್ಕರು. ಮಿಲಿಟರಿಯಲ್ಲಿ ಲಾರಿ ರಿಪೇರಿ ಮಾಡಿ ಬಂದವರು, ಸುಲಭಕ್ಕೆ ನಗುವವರಲ್ಲ.

"ಏ ನಿಂಗ, ಬಾಯಿ ಸ್ವಲ್ಪ ತಣ್ಣಗೆ ಮಾಡು," ಅಂದರು. "ಮಕ್ಕಂದೂರು ಮೊಣ್ಣಪ್ಪನವರ ಮಗಳು. ಯಮುನ ಅಂತ. ಚೆಟ್ಟಳ್ಳಿ ಕಾಫಿ ರಿಸರ್ಚ್ ಸ್ಟೇಷನ್ನಿನಲ್ಲಿ ಕೆಲಸ."

ನಾನು ಅವಳ ಮುಖ ನೋಡಲಿಲ್ಲ. ಅವಳ ಕೈ ನೋಡಿದೆ. ಬೆರಳ ತುದಿಗಳೆಲ್ಲ ನೀಲಿ.

*

ತೂತನ್ನು ಬೆಸೆಯುವುದು ದೊಡ್ಡ ಕೆಲಸವಾಗಿರಲಿಲ್ಲ. ಆದರೆ ಅವಳು ಹೋಗಲಿಲ್ಲ.

"ತೂತು ಮುಚ್ಚಿದ್ರೂ ಇದು ಕುದಿತದೆ," ಅಂದಳು. "ಇಳಿಯುವಾಗ ಏನಿಲ್ಲ. ರಸ್ತೆ ಖಾಲಿ ಇದ್ದು ಜೋರಾಗಿ ಹತ್ತಿಸಿದ್ರೂ ಏನಿಲ್ಲ. ಚೆಟ್ಟಳ್ಳಿಯಿಂದ ಮೇಲೆ ಬರುವಾಗ ಮರದ ಲಾರಿಯ ಹಿಂದೆ ಸಿಕ್ಕಿಕೊಂಡರೆ ಮಾತ್ರ."

"ಕುದೀದೆ ಇನ್ನೇನು ಮಾಡುತ್ತೆ. ಇಂಜಿನ್ ತಿರುಗಿದಷ್ಟೇ ಫ್ಯಾನು ತಿರುಗೋದು. ಲಾರಿ ಹಿಂದೆ ತೆವಳ್ತಾ ಹೋದ್ರೆ ಎದುರುಗಾಳಿ ಇಲ್ಲ, ಫ್ಯಾನಿಗೂ ಜೋರಿಲ್ಲ."

"ಹಾಗಾದ್ರೆ ಫ್ಯಾನಿಗೆ ಬೇರೆ ಮೋಟಾರು ಇಟ್ರೆ? ಬ್ಯಾಟರಿಯಲ್ಲಿ ತಿರುಗುವ ಹಾಗೆ?"

"ಸೀಲಿಂಗ್ ಫ್ಯಾನೇ ಹಾಕಿಸ್ಕೊಳ್ಳಿ. ಮಂಚಾನೂ ಹಾಕ್ಬೋದು."

ಅವಳು ಸಿಟ್ಟಾಗಲಿಲ್ಲ. "ನಮ್ಮ ಸ್ಟೇಷನ್ನಿನ ಓದುವ ಕೋಣೆಗೆ ಒಂದು ಇಂಗ್ಲಿಷ್ ಮೋಟಾರು ಪತ್ರಿಕೆ ಬರ್ತದೆ. ರೇಸಿನ ಕಾರುಗಳಿಗೆ ಹಾಗೆ ಹಾಕ್ತಾರಂತೆ. ನೀವು ಓದಿಲ್ವಾ?"

ಓದಿಲ್ವಾ. ಆ ಒಂದು ಮಾತು ಸಾಕಾಗಿತ್ತು.

"ಓದೋರು ಓದ್ಕೊಂಡಿರ್ಲಿ. ಮಾಡೋನು ನಾನು."

"ಮಾಡ್ತೀರಾ ಹಾಗಾದ್ರೆ?" ಎಂದು ಅವಳು ತಕ್ಷಣ ಕೇಳಿದಳು. ತುಟಿಯ ಒಂದು ಮೂಲೆ ಮಾತ್ರ ನಗುತ್ತಿತ್ತು. "ಉತ್ತಯ್ಯಣ್ಣ, ಕೇಳಿದ್ರಲ್ಲ? ನಿಂಗರಾಜು ಮಾಡ್ತಾರಂತೆ."

ಬಲೆಗೆ ಬಿದ್ದದ್ದು ಆಗ ತಿಳಿಯಿತು. ಆದರೆ ಬಿದ್ದವನಿಗೆ ಕೇಳಿಸಿದ್ದು ಬೇರೆಯೇ. ಯಾರನ್ನು ಕೇಳಿ ತಿಳಿದಿದ್ದಳೋ, ಅವಳು ನನ್ನ ಹೆಸರನ್ನು ಪೂರ್ತಿ ಹೇಳಿದ್ದಳು.

*

ಅವಳಿಗೆ ಅದು ಆಟದ ವಿಷಯವಾಗಿರಲಿಲ್ಲ ಎನ್ನುವುದು ಅವರ ಮನೆಗೆ ಹೋದ ಮೇಲೆ ತಿಳಿಯಿತು.

ಕಾರು ಪೇಟೆಯಲ್ಲಿ ನಿಂತು ಪ್ರದರ್ಶನ ಆಗುವುದು ಬೇಡ, ರಿಪೇರಿ ಮನೆಯಲ್ಲೇ ಆಗಲಿ ಎಂದು ಅವಳ ಅಪ್ಪ ಹೇಳಿಕಳಿಸಿದ್ದರು. ಉತ್ತಯ್ಯನವರು ಭಾನುವಾರಗಳಂದು ನನ್ನನ್ನು ಬಿಟ್ಟುಕೊಟ್ಟರು. ಸೋಮವಾರಪೇಟೆಯ ಬಸ್ಸು ಹಿಡಿದು ಮಕ್ಕಂದೂರಿನಲ್ಲಿ ಇಳಿದು, ಹೆಗಲಿಗೆ ಸ್ಪ್ಯಾನರಿನ ಚೀಲ ಹಾಕಿಕೊಂಡು ತೋಟದ ನಡುವೆ ನಡೆದು ಹೋದರೆ ಅವರ ಮನೆ. ಮನೆಯ ಪಕ್ಕದಲ್ಲಿ ಕಾಫಿ ಮೂಟೆ ಇಡುವ ಹಳೆಯ ಗೋದಾಮು. ಅದರೊಳಗೆ ಕಾರು.

ಮೊಣ್ಣಪ್ಪನವರು ಜಗಲಿಯಲ್ಲಿ ಪೇಪರ್ ಹಿಡಿದು ಕೂತಿದ್ದರು. ಅರೆಭಾಷೆ ಗೌಡರ ಮನೆಯ ಯಜಮಾನರು, ಬಿಳಿ ಮೀಸೆ, ನೋಯುವ ಬೆನ್ನು. ತೋಟ ಮಾರಿ ಇಂಗ್ಲೆಂಡಿಗೆ ಹೋದ ಬಿಳಿ ದೊರೆಯೊಬ್ಬರಿಂದ ಆ ಕಾರು ಕೊಂಡವರು ಅವರೇ. ಈಗ ಅದರೊಳಗೆ ಬಗ್ಗಿ ಕೂರಲು ಬೆನ್ನು ಒಪ್ಪುತ್ತಿರಲಿಲ್ಲ.

"ಏ ನಿಂಗ," ಅಂದರು. "ಬೇಗ ಮುಗಿಸು. ಕೈಲ್ ಮುಹೂರ್ತದ ಹಬ್ಬ ಕಳೆದ ಮೇಲೆ ಮೈಸೂರಿನವರು ಕಾರು ನೋಡಲಿಕ್ಕೆ ಬರ್ತಾರೆ. ಗುಡ್ಡ ಹತ್ತದ ಕಾರು ನನಗೆ ಬೇಡ."

ಒಳಗೆ ಬಾನೆಟ್ ಎತ್ತುವಾಗ ನಾನು ಹಲ್ಲು ಕಚ್ಚಿದೆ. "ಮಾರೋ ಕಾರಿಗೆ ನಾನ್ಯಾಕೆ ಒದ್ದಾಡ್ಲಿ?"

ಯಮುನ ಮಡ್‌ಗಾರ್ಡಿಗೆ ಒರಗಿ ನಿಂತಿದ್ದಳು. "ಮಾರಬಾರದು ಅಂತ ಒದ್ದಾಡಿ," ಅಂದಳು. "ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು. ಆ ಷರತ್ತಿನ ಮೇಲೆ ಅಪ್ಪ ಕೆಲಸಕ್ಕೆ ಕಳಿಸಿದ್ದು. ಬಸ್ಸಿನಲ್ಲಿ ಬಂದ್ರೆ ಮಡಿಕೇರಿಯಲ್ಲೇ ಕತ್ತಲಾಗ್ತದೆ. ಕಾರು ಹೋದ್ರೆ ಕೆಲಸವೂ ಹೋಯ್ತು. ಆಮೇಲೆ ನಾನು ಇಲ್ಲಿ ಕೂತು ಹೆಣ್ಣು ನೋಡಲಿಕ್ಕೆ ಬರುವವರಿಗೆ ಕಾಫಿ ಕೊಡುದು."

"ಕಾಫಿ ಕೊಡೋದ್ರಲ್ಲಿ ತಪ್ಪೇನೈತೆ?"

"ಸಕ್ಕರೆ ಹಾಕುದಿಲ್ಲ ನಾನು. ಅದೊಂದೇ ದಾರಿ ಉಳಿದಿರುದು."

ಇಬ್ಬರೂ ನಕ್ಕೆವು. ಹೊರಗೆ ಪೇಪರ್ ಮಡಚಿದ ಸದ್ದಾಯಿತು. ನಗು ನಿಂತಿತು.

*

ಮೋಟಾರು ಉತ್ತಯ್ಯನವರದ್ದು. ಯಾವುದೋ ಮಿಲಿಟರಿ ಆಂಬುಲೆನ್ಸಿನ ಒಳಗೆ ಗಾಳಿ ಆಡಿಸುತ್ತಿದ್ದದ್ದು, ಗುಜರಿಯಲ್ಲಿ ಸಿಕ್ಕಿ ಅವರ ಪೆಟ್ಟಿಗೆಯಲ್ಲಿ ಮಲಗಿತ್ತು. ರೇಡಿಯೇಟರಿಗೂ ಇಂಜಿನ್ನಿಗೂ ನಡುವೆ ಅದಕ್ಕೆ ಜಾಗವಿರಲಿಲ್ಲ. ಅಲ್ಲಿದ್ದ ಹಳೆಯ ಫ್ಯಾನನ್ನು ಬಿಚ್ಚಿ ತೆಗೆದೆ. ಹೊಸ ಮೋಟಾರನ್ನು ರೇಡಿಯೇಟರಿನ ಮುಂದೆ, ಕಾರಿನ ಮೂತಿಯ ಜಾಲರಿಯ ಒಳಗೆ, ಕಬ್ಬಿಣದ ಪಟ್ಟಿ ಕೊಟ್ಟು ಕೂರಿಸಿದೆ. ರೆಕ್ಕೆಗಳನ್ನು ಹಳೆಯ ಬಸ್ಸಿನ ಮೈಯ ಅಲ್ಯೂಮಿನಿಯಂ ತಗಡಿನಲ್ಲಿ ಕತ್ತರಿಸಿದೆ. ಹಳೆಯ ಫ್ಯಾನಿನ ರೆಕ್ಕೆ ಎಷ್ಟು ಓರೆ ಇತ್ತೋ, ಯಾವ ಕಡೆಗೆ ಓರೆ ಇತ್ತೋ, ಹಾಗೇ ಮಾಡಿದೆ. ಅದರ ಬಗ್ಗೆ ನನಗೆ ಬಹಳ ಹೆಮ್ಮೆ.

ಅವಳು ಸ್ಪ್ಯಾನರ್ ಕೊಡುತ್ತಿದ್ದಳು. ಮೊದಮೊದಲು ಕೇಳಿದ್ದು ಬಿಟ್ಟು ಬೇರೆಯದನ್ನು ಕೊಡುತ್ತಿದ್ದಳು. ಆಮೇಲೆ ಕೇಳುವ ಮೊದಲೇ ಸರಿಯಾದದ್ದನ್ನು ಕೊಡತೊಡಗಿದಳು. ನನ್ನ ಕಪ್ಪು ಬೆರಳು, ಅವಳ ನೀಲಿ ಬೆರಳು.

"ಅದೇನ್ರೀ ನೀಲಿ?"

"ಮೈಲುತುತ್ತ. ಎಲೆ ರೋಗಕ್ಕೆ ಸುಣ್ಣದ ಜೊತೆ ಕಲಸಿ ಹೊಡೀತಾರಲ್ಲ, ಅದು. ನಾವು ಬೇರೆ ಬೇರೆ ಹದದಲ್ಲಿ ಕಲಸಿ ನೋಡುದು. ಎಷ್ಟು ತೊಳೆದ್ರೂ ಹೋಗುದಿಲ್ಲ. ಅಜ್ಜಿ ನನ್ನ ಕೈಯಲ್ಲಿ ರೊಟ್ಟಿ ತಟ್ಟಿಸುದೇ ಬಿಟ್ಟಿದ್ದಾರೆ."

"ನನ್ನ ಕೈಯಾಗೂ ತಟ್ಟಿಸಲ್ಲ ಬಿಡಿ."

"ನೀವು ತಟ್ಟಿದ್ರೆ ರೊಟ್ಟಿಗೂ ಸಿಟ್ಟು ಬಂದೀತು."

ಡ್ಯಾಶ್‌ಬೋರ್ಡಿನ ಕೆಳಗೆ ಸ್ವಿಚ್ಚು ಕೂರಿಸಿದೆ. "ಹತ್ತುವಾಗ ಮಾತ್ರ ಹಾಕಿ," ಎಂದು ತೋರಿಸಿದೆ. "ಹೆಡ್‌ಲೈಟು ಹಾಕಿದಾಗ ಇದನ್ನ ಹಾಕ್ಬೇಡಿ. ಎರಡನ್ನೂ ತಡ್ಕೊಳ್ಳೋ ಶಕ್ತಿ ಬ್ಯಾಟರಿಗಿಲ್ಲ."

"ಕತ್ತಲಾಗುವ ಮೊದಲು ಮನೆ ಸೇರು ಅಂತ ನೀವೂ ಹೇಳಿದ ಹಾಗಾಯ್ತು."

"ನಾನು ಹೇಳಿದ್ದು ಬ್ಯಾಟರಿ ವಿಷಯ ಕಣ್ರೀ."

"ಗೊತ್ತುಂಟು ಕಣ್ರೀ," ಅಂದಳು, ನನ್ನಂತೆಯೇ ಎಳೆದು.

ಮುಂದಿನ ಜಾಲರಿಯನ್ನು ಇನ್ನೂ ಹಾಕಿರಲಿಲ್ಲ. ನಾನು ಒಳಗೆ ಕೈ ಹಾಕಿ ಸ್ವಿಚ್ಚು ಒತ್ತಿದೆ. ಫ್ಯಾನು ಗುಂಯ್ ಎಂದಿತು. ಜೇನುಹುಳುಗಳು ಒಟ್ಟಿಗೆ ಎದ್ದ ಹಾಗೆ. ಯಮುನ ಕಾರಿನ ಮೂತಿಯ ಎದುರಿಗೆ ನಿಂತಿದ್ದಳು. ಗಾಳಿ ಅವಳ ಮುಖಕ್ಕೆ ಹೊಡೆಯಿತು. ಹಣೆಯ ಮೇಲಿದ್ದ ಕೂದಲೆಲ್ಲ ಹಿಂದಕ್ಕೆ ಹಾರಿತು. ಕಣ್ಣು ಅರೆಮುಚ್ಚಿ, ಗಲ್ಲ ಸ್ವಲ್ಪ ಮೇಲೆತ್ತಿ, ಬಿಸಿಲಿಗೆ ಮುಖ ಕೊಟ್ಟವಳ ಹಾಗೆ ನಿಂತಳು. ಕಿವಿಯ ಪಕ್ಕದಲ್ಲಿ ಒಂದು ಸಣ್ಣ ಮಚ್ಚೆ. ಆವರೆಗೆ ಕೂದಲು ಅದನ್ನು ಮುಚ್ಚಿತ್ತು.

"ಚೆನ್ನಾಗಿ ಬರ್ತದೆ ಗಾಳಿ," ಅಂದಳು.

ನಾನು ಹೂಂ ಅಂದೆ. ಇಂಜಿನ್ ಬಹಳ ಹೊತ್ತು ಓಡಿಸಿದೆವು. ನಿಂತಲ್ಲೇ ನಿಂತ ಕಾರು ಕುದಿಯಲಿಲ್ಲ. ಆ ದಿನ ಬಸ್ಸಿಗೆ ನಡೆದು ಹೋಗುವಾಗ ದಾರಿಯುದ್ದಕ್ಕೂ ಶಿಳ್ಳೆ ಹಾಕಿದೆ. ಯಾರ ಮೇಲೂ ಸಿಟ್ಟು ಬರಲಿಲ್ಲ. ಅದೇ ನನಗೆ ಎಚ್ಚರಿಕೆ ಆಗಬೇಕಿತ್ತು.

*

ಮುಂದಿನ ಭಾನುವಾರ ಪರೀಕ್ಷೆ. ಯಮುನ ಓಡಿಸಿದಳು, ನಾನು ಪಕ್ಕದಲ್ಲಿ, ಮೊಣ್ಣಪ್ಪನವರು ಜೀಪಿನಲ್ಲಿ ಹಿಂದೆ. ಚೆಟ್ಟಳ್ಳಿಗೆ ಇಳಿದು ತಿರುಗಿದೆವು. ಏರು ಶುರುವಾಗುವಲ್ಲೇ ಮರದ ಲಾರಿಯೊಂದು ಸಿಕ್ಕಿತು. ಪರೀಕ್ಷೆಗೆ ಹೇಳಿ ತರಿಸಿದಂತಿತ್ತು.

"ಹಾಕ್ತೇನೆ," ಎಂದು ಅವಳು ಸ್ವಿಚ್ಚು ಒತ್ತಿದಳು.

ಮೊದಲ ತಿರುವಿನಲ್ಲಿ ನೀರಿನ ಬಿಸಿ ತೋರಿಸುವ ಮುಳ್ಳು ಏರಿತು. ಎರಡನೇ ತಿರುವಿನಲ್ಲಿ ಇನ್ನೂ ಏರಿತು. ಲಾರಿ ಬದಿಗೆ ಸರಿದು ದಾರಿ ಬಿಟ್ಟಿತು, ಅವಳು ವೇಗ ಹೆಚ್ಚಿಸಿದಳು. ಆಗಲಾದರೂ ಇಳಿಯಬೇಕಿತ್ತು. ಇಳಿಯಲಿಲ್ಲ. ಹಳೆಯ ಫ್ಯಾನು ಇದ್ದಾಗ ಖಾಲಿ ರಸ್ತೆಯಲ್ಲಿ ಎಂದೂ ಕುದಿಯದ ಕಾರು ಈಗ ಖಾಲಿ ರಸ್ತೆಯಲ್ಲಿ ಕುದಿಯಿತು. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದು ಗಾಜು ಮುಚ್ಚಿತು.

ಮೊಣ್ಣಪ್ಪನವರು ಜೀಪಿನಿಂದ ಇಳಿದು ಬಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಇದೇ ತಿರುವು," ಅಂದರು. "ಮೇ ತಿಂಗಳಲ್ಲಿ ಇಲ್ಲೇ ನಿಂತಿತ್ತು. ಕತ್ತಲೆ. ಇವಳು ಒಬ್ಬಳೇ. ನಾನು ಟಾರ್ಚು ಹಿಡ್ಕೊಂಡು ಹುಡುಕಿ ಬರುವಾಗ ಆಚೆ ಬಿದಿರು ಮುರಿಯುವ ಶಬ್ದ. ಆನೆ." ಆಚೆ ಕಡೆಗೆ ಕೈ ತೋರಿಸಿ ಹೇಳಿದರು: "ಕೊಡಗು ಮೈಸೂರಿಗೆ ಸೇರಿದ ಮೇಲೆ ಲಾರಿ ಜಾಸ್ತಿ ಆಯ್ತು, ಆನೆ ಕಮ್ಮಿ ಆಗಲಿಲ್ಲ. ನನಗೆ ಇರುದು ಒಬ್ಬಳು ಮಗಳು. ಸಾಕು ಮಾರಾಯ. ನೀನು ನಿನ್ನ ಪ್ರಯತ್ನ ಮಾಡಿದೆ."

ಕಾರಿಗೆ ಹಗ್ಗ ಕಟ್ಟಿ ಜೀಪಿನಲ್ಲಿ ಎಳೆದರು. ಮಡಿಕೇರಿ ಬಂದೊಡನೆ ನಾನು ಇಳಿದೆ. ಯಮುನ ಸ್ಟೇರಿಂಗ್ ಮೇಲೆ ಕೈಯಿಟ್ಟು ನೇರ ನೋಡುತ್ತಿದ್ದಳು.

"ನಿಮ್ಮ ಪತ್ರಿಕೆಯೋರಿಗೆ ಹೇಳಿ, ಇಂಗ್ಲೆಂಡಿನಿಂದ ಬಂದು ಮಾಡ್ಕೊಡ್ಲಿ," ಅಂದೆ.

ಅವಳು ತಿರುಗಿ ನೋಡಿದಳು. ಕಣ್ಣು ತುಂಬಿತ್ತು. ನಾನು ಹೊರಟುಹೋದೆ. ಹೋಗುತ್ತ ಬಸ್ ಸ್ಟ್ಯಾಂಡಿನ ಕಂಬಕ್ಕೆ ಒದ್ದೆ. ಕಂಬಕ್ಕೆ ಏನೂ ಆಗಲಿಲ್ಲ, ಕಾಲು ಊದಿತು.

*

ಸ್ಪ್ಯಾನರಿನ ಚೀಲ ಅವರ ಗೋದಾಮಿನಲ್ಲೇ ಉಳಿದಿತ್ತು. ಅದು ಗ್ಯಾರೇಜಿನದಲ್ಲ, ನನ್ನದು. ಒಂದೊಂದನ್ನೇ ಕೊಂಡು ಕೂಡಿಸಿದ್ದು. ಹಬ್ಬದ ಹಿಂದಿನ ದಿನ ಉತ್ತಯ್ಯನವರು ಗ್ಯಾರೇಜು ಮುಚ್ಚಿ ತಮ್ಮ ಊರಿಗೆ ಹೋದರು. ನಾನು ಕುಂಟುತ್ತ ಮಕ್ಕಂದೂರಿಗೆ ಹೋದೆ. ಚೀಲ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ವಾಪಸ್ ಬರುವುದು ನನ್ನ ಲೆಕ್ಕ.

ಗೋದಾಮಿನಲ್ಲಿ ಕಾರಿತ್ತು. ಚೀಲ ಇರಲಿಲ್ಲ.

ಬಾಗಿಲ ಬಳಿ ಯಮುನಳ ಅಜ್ಜಿ, ಪೊನ್ನಮ್ಮಜ್ಜಿ, ಮೊರ ಹಿಡಿದು ಕೂತಿದ್ದರು. ಮನೆ ಬಳಕೆಗೆ ಕುಟ್ಟಿದ ಕಾಫಿಯ ಹೊಟ್ಟು ಕೇರುತ್ತಿದ್ದರು.

"ನನ್ನ ಚೀಲ ಎಲ್ಲಿ ಅಜ್ಜಿ? ಕೆಲಸ ಕೆಟ್ಟಿತು ಅಂತ ಸಾಮಾನೂ ಮುಟ್ಟುಗೋಲಾ?"

"ಒಳಗೆ ಉಟ್ಟು," ಅಂದರು ಅಜ್ಜಿ, ಉಂಟು ಎನ್ನುವುದನ್ನು ತಮ್ಮ ಅರೆಭಾಷೆಯಲ್ಲಿ ಹೇಳುತ್ತ. "ನಾಳೆ ಕೈಲ್ ಮುಹೂರ್ತ ಅಲ್ವಾ? ಕೋವಿ, ಕತ್ತಿ, ನೇಗಿಲು, ಎಲ್ಲ ತೊಳೆದು ಇಟ್ಟಾಯ್ತು. ನಾಳೆ ಪೂಜೆ ಆಗುವವರೆಗೆ ಯಾವ ಆಯುಧವನ್ನೂ ಮುಟ್ಟುವ ಹಾಗೆ ಇಲ್ಲೆ."

ಕೋವಿ ಪೂಜೆಯ ಹಬ್ಬ ಎಂದು ಕೇಳಿದ್ದೆ. "ಸ್ಪ್ಯಾನರ್ ಯಾವ ಆಯುಧ ಅಜ್ಜಿ?"

"ನೀನು ಅದರಲ್ಲೇ ಅಲ್ವಾ ಅನ್ನ ತಿನ್ನುದು?"

ಯಾರಾದರೂ ಜಗಳವಾಡಿದರೆ ಜಗಳವಾಡಬಹುದು. ಅಜ್ಜಿ ಮೊರ ತಟ್ಟುತ್ತಿದ್ದರು. ಅಲ್ಲೇ ಕಲ್ಲಿನ ಮೇಲೆ ಕೂತೆ.

"ಸಿಟ್ಟು ಮಾಡ್ಬೇಡ," ಅಂದರು. "ಅರಿಶಿನ ಹಾಕಿದ್ದು ನಾನು. ಗೊತ್ತುಟ್ಟಾ? ಅವಳು ನನ್ನ ಹೆಸರು ಹೇಳಲಿಲ್ಲ. ಪೇಟೆಯಲ್ಲಿ ಎಲ್ಲರೆದುರು ನಿನ್ನ ಬಾಯಿಯಿಂದ ಬೈಸಿಕೊಂಡು ಬಂದಳು."

ನನಗೆ ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ. ಎದ್ದು ಕಾರಿನ ಹತ್ತಿರ ಹೋದೆ. ಬೇರೇನು ಮಾಡುವುದೆಂದು ತೋಚದೆ ಸ್ವಿಚ್ಚು ಒತ್ತಿದೆ. ಫ್ಯಾನು ಗುಂಯ್ ಎಂದಿತು.

"ಅಯ್ಯೋ, ನಿಲ್ಸು," ಎಂದರು ಅಜ್ಜಿ. ಮೊರದಲ್ಲಿದ್ದ ಹೊಟ್ಟೆಲ್ಲ ಎದ್ದು ಅಂಗಳಕ್ಕೆ ಹಾರಿತ್ತು. ಅಜ್ಜಿಯ ಸೆರಗಿನ ಮೇಲೆ, ತಲೆಯ ಮೇಲೆ, ಎಲ್ಲೆಡೆ ಹೊಟ್ಟು. "ಎಂತ ಕಾರಪ್ಪ ಇದು, ಮೂಗಿನಿಂದ ಉಸಿರು ಹೊರಗೇ ಬಿಡ್ತದೆ. ಎಳ್ಕೊಳ್ಳುದೇ ಇಲ್ಲೆ."

ನಾನು ನಿಂತಲ್ಲೇ ನಿಂತೆ.

ಕಾರು ಗಾಳಿಯನ್ನು ಒಳಗೆ ಎಳೆದುಕೊಳ್ಳಬೇಕು. ನನ್ನ ಫ್ಯಾನು ಹೊರಗೆ ಊದುತ್ತಿತ್ತು. ಮೋಟಾರು ಇಂಜಿನ್ನಿಗೆ ಎದುರುಮುಖ ಕೂತು ಉಲ್ಟಾ ತಿರುಗುತ್ತಿತ್ತು. ಹಳೆಯ ರೆಕ್ಕೆಯ ಓರೆಯನ್ನು ಹಾಗೇ ಇಳಿಸಿದ್ದೆನಲ್ಲ, ಆ ಹೆಮ್ಮೆಯ ಓರೆ, ಅದೇ ತಪ್ಪು. ಕಾರು ನಿಂತಿದ್ದರೆ ಯಾವ ಕಡೆಗಾದರೂ ಗಾಳಿ ಆಡಿ ಸ್ವಲ್ಪ ತಣಿಯುತ್ತದೆ. ಓಡಿದರೆ ಎದುರುಗಾಳಿ ಒಳಗೆ ನುಗ್ಗುತ್ತದೆ, ಫ್ಯಾನು ಅದನ್ನು ಹೊರಗೆ ತಳ್ಳುತ್ತದೆ. ಎರಡೂ ಗುದ್ದಾಡಿ ಅಲ್ಲೇ ನಿಲ್ಲುತ್ತವೆ. ಕುದಿಯದೆ ಏನಾದೀತು?

ಇದು ನನಗೆ ಆ ಭಾನುವಾರವೇ ಕಾಣಬೇಕಿತ್ತು. ಕಣ್ಣ ಮುಂದೆಯೇ ಇತ್ತು.

"ಯಾಕೆ ಬಂದ್ರಿ?" ಎಂದು ಹಿಂದಿನಿಂದ ದನಿ ಬಂತು. ಯಮುನ. ಕೈಯಲ್ಲಿ, ಹಬ್ಬದ ದಿನ ಕೋವಿಯ ನಳಿಗೆಗೆ ಸಿಕ್ಕಿಸುವ ಬೆಂಕಿ ಬಣ್ಣದ ಕೋವಿ ಹೂವುಗಳ ಗೊಂಚಲು. "ಇಂಗ್ಲೆಂಡಿನವರು ಇನ್ನೂ ಬಂದಿಲ್ಲ."

"ತಪ್ಪು ಗೊತ್ತಾಯ್ತು," ಅಂದೆ. "ಗಾಳಿ ಹೊರಗೆ ಬರ್ತಿತ್ತು. ಒಳಗೆ ಹೋಗ್ಬೇಕಿತ್ತು."

ಅವಳು ಅಜ್ಜಿಯ ತಲೆಯ ಮೇಲಿನ ಹೊಟ್ಟು ನೋಡಿದಳು. ಫ್ಯಾನು ನೋಡಿದಳು. ಅವಳಿಗೂ ತಿಳಿಯಿತು. "ಹೌದಲ್ಲ," ಅಂದಳು. "ಆ ದಿನ ನನ್ನ ಮುಖಕ್ಕೇ ಬಂತು ಗಾಳಿ. ನಾನು ಚೆನ್ನಾಗಿ ಬರ್ತದೆ ಅಂತ ಬೇರೆ ಹೇಳಿದೆ. ನನಗಂತೂ ಹೊಳೆಯಲಿಲ್ಲ. ನೀವು ಮೆಕ್ಯಾನಿಕ್ಕು. ಎದುರಿಗೇ ನಿಂತಿದ್ರಿ. ಕಾಣಲಿಲ್ವಾ?"

"ಇಲ್ಲ."

"ಹೇಗೆ ಕಾಣಲಿಲ್ಲ?"

"ನಿಮ್ಮ ಕೂದಲು ಹಿಂದಕ್ಕೆ ಹಾರ್ತಿತ್ತು."

"ಅದೇ ಹೇಳ್ತಿರುದು. ಕೂದಲು ಹಿಂದಕ್ಕೆ ಹಾರಿದ್ರೆ ಗಾಳಿ ಹೊರಗೆ ಬರ್ತಿದೆ ಅಂತ ಅರ್ಥ ಅಲ್ವಾ?"

"ಅರ್ಥ ಮಾಡ್ಕೊಳ್ಳೋ ಸ್ಥಿತೀಲಿ ಇರ್ಲಿಲ್ಲ ಕಣ್ರೀ ನಾನು," ಅಂದೆ. ದನಿ ಏರಿತು. ನನಗೆ ಯಾವ ಮಾತು ಹೇಳುವುದಕ್ಕೂ ಸಿಟ್ಟು ಬೇಕಾಗಿತ್ತು. "ನಾನು ಗಾಳಿ ನೋಡ್ಲಿಲ್ಲ. ಕೂದಲು ನೋಡ್ತಿದ್ದೆ. ನಿಮ್ಮ ಕಿವಿ ಹತ್ರ ಒಂದು ಮಚ್ಚೆ ಐತೆ, ಅದನ್ನ ನೋಡ್ತಿದ್ದೆ. ನಾನು ಮಾಡಿದ ಕೆಲಸ ನಾನೇ ನೋಡದೆ ಇದ್ದದ್ದು ಅದೊಂದೇ ದಿನ. ಅದಕ್ಕೆ ನಿಮ್ಮ ಕಾರು ಕುದೀತು. ಈಗ ಬೈರಿ."

ಅವಳು ಬೈಯಲಿಲ್ಲ. ಕೈ ತಾನಾಗಿ ಕಿವಿಯ ಹತ್ತಿರ ಹೋಯಿತು. ಕೈಯಲ್ಲಿದ್ದ ಹೂವೊಂದು ಕೆಳಗೆ ಬಿತ್ತು. ಮುಖ ಹೂವಿನ ಬಣ್ಣಕ್ಕೆ ತಿರುಗಿತ್ತು.

ಅಜ್ಜಿ ಸೆರಗು ಕೊಡವುತ್ತ, ಏನೂ ಕೇಳಿಸದವರ ಹಾಗೆ, "ಸರಿ ಮಾಡಲಿಕ್ಕೆ ಆಗ್ತದಾ ಅದು?" ಅಂದರು.

"ರೆಕ್ಕೇನ ಈ ಕಡೆಯಿಂದ ಆ ಕಡೆಗೆ ತಿರುಚಿದ್ರೆ ಆಯ್ತು. ಆದ್ರೆ ನಿಮ್ಮ ದೇವ್ರು ನನ್ನ ಸಾಮಾನು ಹಿಡ್ಕೊಂಡು ಕೂತೈತೆ."

"ಆಯುಧ ಮುಟ್ಟಬಾರದು ಅಂದೆ. ಕೈಗೆ ಎಂತ ತಡೆ?"

ಬಸ್ಸಿನ ತಗಡು ಗಟ್ಟಿ. ಜಾಲರಿಯನ್ನು ಕೈಯಲ್ಲೇ ಕಳಚಿ ಇಬ್ಬರೂ ಕಾರಿನ ಮೂತಿಯ ಮುಂದೆ ಮಂಡಿಯೂರಿ ಕೂತೆವು. ಅವಳು ಎರಡೂ ಕೈಯಿಂದ ಫ್ಯಾನಿನ ನಡುಭಾಗವನ್ನು ಅಲುಗದ ಹಾಗೆ ಹಿಡಿದಳು. ನಾನು ರೆಕ್ಕೆ ಹಿಡಿದು ತಿರುಚಿದೆ. ತಗಡು ಮೊದಲು ಒಪ್ಪಲಿಲ್ಲ. ಆಮೇಲೆ ಕಿರ್ ಎಂದು ಬಾಗಿತು. ಅಂಚು ತಾಗಿ ನನ್ನ ಅಂಗೈ ಹರಿಯಿತು. ಅವಳು ಸ್ಕಾರ್ಫ್ ಕೊಟ್ಟಳು. ಅದನ್ನು ಸುತ್ತಿಕೊಂಡು ಉಳಿದ ರೆಕ್ಕೆಗಳನ್ನೂ ತಿರುಚಿದೆ. ನೀಲಿ ಬೆರಳು, ಕಪ್ಪು ಬೆರಳು ಒಂದಕ್ಕೊಂದು ತಾಗುತ್ತಿದ್ದವು. ಯಾರೂ ಹಿಂದಕ್ಕೆ ತೆಗೆಯಲಿಲ್ಲ.

"ನೀವೇನೂ ಹೇಳ್ಲಿಲ್ಲ," ಅಂದೆ ಕೊನೆಗೆ, ಮೆಲ್ಲಗೆ.

"ನಾಳೆ ಪೂಜೆಗೆ ಬನ್ನಿ," ಅಂದಳು. "ಚೀಲ ತಗೊಂಡು ಹೋಗಲಿಕ್ಕೆ."

*

ಹಬ್ಬದ ದಿನ ಜಗಲಿಯಲ್ಲಿ ತೋಟದ ಆಳುಗಳ ಕತ್ತಿ, ಗುದ್ದಲಿ, ನೇಗಿಲುಗಳ ಸಾಲು. ಎಲ್ಲದಕ್ಕೂ ಗಂಧ, ಹೂವು. ನಾನು ಆ ಸಾಲಿನಲ್ಲಿ ನನ್ನ ಚೀಲ ಹುಡುಕಿದೆ. ಇರಲಿಲ್ಲ. ಮತ್ತೆ ಸಿಟ್ಟು ಏರತೊಡಗಿತು.

"ಹೊರಗೆ ಎಂತ ಹುಡುಕುದು?" ಅಂದರು ಅಜ್ಜಿ. "ಕಾಲು ತೊಳೆದು ಒಳಗೆ ಬಾ."

ಒಳಗೆ ದೀಪ ಉರಿಯುತ್ತಿತ್ತು. ದೀಪದ ಕೆಳಗೆ ಮನೆಯ ಕೋವಿಗಳು. ತೀರಿಹೋದ ಅಜ್ಜನದ್ದು ಒಂದು, ಮೊಣ್ಣಪ್ಪನವರದ್ದು ಒಂದು. ಎರಡರ ನಳಿಗೆಗೂ ಕೋವಿ ಹೂವು ಸಿಕ್ಕಿಸಿತ್ತು. ಆ ಎರಡು ಕೋವಿಗಳ ನಡುವೆ, ಎಣ್ಣೆಯ ಕಲೆಯೆಲ್ಲ ಹೋಗುವ ಹಾಗೆ ಉಜ್ಜಿ ತೊಳೆದು, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿದ ನನ್ನ ಸ್ಪ್ಯಾನರುಗಳು. ನಡುವಿನ ಒಂದಕ್ಕೆ ಒಂದು ಹೂವು. ಹೂವನ್ನು ಕಟ್ಟಿದ್ದ ದಾರಕ್ಕೆ ತೆಳು ನೀಲಿ ಬಣ್ಣ ಹತ್ತಿತ್ತು.

ಮೊಣ್ಣಪ್ಪನವರು ಅದನ್ನು ನೋಡಿದರು. ಬಹಳ ಹೊತ್ತು ನೋಡಿದರು. "ಅವ್ವ, ಇದನ್ನು ಇಲ್ಲಿ ಇಟ್ಟದ್ದು ಯಾರು? ಇಲ್ಲಿ ಮನೆಯವರದು ಮಾತ್ರ ಇಡುದು."

"ನಾನಲ್ಲ," ಅಂದರು ಅಜ್ಜಿ.

ಯಮುನ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು. ಎಣ್ಣೆ ಸಾಕಷ್ಟಿತ್ತು. ಆದರೂ ಹಾಕುತ್ತಲೇ ಇದ್ದಳು. "ನಾನು ಇಟ್ಟದ್ದು ಅಪ್ಪ," ಅಂದಳು, ತಿರುಗದೆ. "ಕಾರು ಎಳೆದು ತಂದ ಸಂಜೆಯೇ ತೊಳೆದು ಕೋವಿಗಳ ಜೊತೆ ಇಟ್ಟದ್ದು."

ಕಾರು ಕುದಿದ ಸಂಜೆ. ನಾನು ಇಂಗ್ಲೆಂಡಿನ ಮಾತಾಡಿ ಹೊರಟುಹೋದ ಸಂಜೆ. ನಾನು ಬಾಯಿ ತೆರೆಯುವ ಮೊದಲೇ, ನನ್ನ ಮೇಲೆ ಕೋಪವಿದ್ದಾಗಲೇ, ಇವಳು ಉತ್ತರ ಕೊಟ್ಟು ಇಟ್ಟಿದ್ದಳು.

ಅಜ್ಜಿ ಪೂಜೆ ಮುಗಿಸಿ ಮಗನ ಕೈಗೆ ಕೋವಿ ಕೊಟ್ಟರು. ಆಮೇಲೆ ಸ್ಪ್ಯಾನರುಗಳನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಕಡೆ ಚಾಚಿದರು. "ಒಳ್ಳೇದಕ್ಕೆ ಬಳಸು. ಕಂಬಕ್ಕೆ ಒದೀಬೇಡ," ಅಂದರು. ಅವರಿಗೆ ಅದು ಹೇಗೆ ಗೊತ್ತಾಯಿತೋ ಇವತ್ತಿಗೂ ನನಗೆ ತಿಳಿಯದು.

ಅಂಗಳದಲ್ಲಿ ಮರಕ್ಕೆ ಕಟ್ಟಿದ್ದ ತೆಂಗಿನಕಾಯಿಗೆ ಮೊಣ್ಣಪ್ಪನವರು ಗುಂ ಎಂದು ಗುಂಡು ಹೊಡೆದರು. ಕಾಯಿ ಚೂರಾಯಿತು. ಕೋವಿ ಇಳಿಸಿ ನನ್ನ ಕಡೆ ತಿರುಗಿದರು. "ನಾಳೆ ಸಂಜೆ ನಾನು ಚೆಟ್ಟಳ್ಳಿಗೆ ಬಸ್ಸಿನಲ್ಲಿ ಹೋಗಿ ಇವಳ ಜೊತೆ ಕಾರಿನಲ್ಲಿ ಬರ್ತೇನೆ," ಅಂದರು. "ಮೊದಲು ಅದು ಗುಡ್ಡ ಹತ್ತಲಿ. ಬಾಕಿ ಮಾತು ಆಮೇಲೆ."

*

ಮರುದಿನ ಸಂಜೆ ಚೆಟ್ಟಳ್ಳಿ ರಸ್ತೆ ಮಡಿಕೇರಿ ಸೇರುವಲ್ಲಿ ನಿಂತೆ. ಮಂಜು ಕೆಳಗಿನಿಂದ ಏರುತ್ತಿತ್ತು. ಒಂದು ಬಸ್ಸು ಬಂತು. ಎರಡು ಜೀಪು ಬಂದವು. ಆಮೇಲೆ ಏನೂ ಇಲ್ಲ. ಹಗ್ಗ ಕಟ್ಟಿ ಎಳೆಸಿಕೊಂಡು ಬರುವ ಹಸಿರು ಕಾರು ಕಣ್ಣ ಮುಂದೆ ಬಂದು ಬಂದು ಹೋಗುತ್ತಿತ್ತು.

ಕೊನೆಗೆ ತಿರುವಿನಲ್ಲಿ ಮರದ ಲಾರಿ ಕಾಣಿಸಿತು. ನರಳುತ್ತ, ಹೊಗೆ ಉಗುಳುತ್ತ, ನಡೆಯುವವನಿಗಿಂತ ನಿಧಾನವಾಗಿ ಬಂತು. ನನ್ನ ಮುಂದೆ ಹಾದು ಹೋಯಿತು. ಅದರ ಹಿಂದೆ ಹಸಿರು ಮೂತಿ. ಹಬೆ ಇಲ್ಲ. ಲಾರಿಯ ಸದ್ದು ದೂರವಾದಂತೆ ಸಣ್ಣಗೆ ಕೇಳಿಸಿತು, ಗುಂಯ್.

ಕಾರು ನನ್ನ ಪಕ್ಕ ನಿಂತಿತು. ಮೊಣ್ಣಪ್ಪನವರು ಬಾಗಿಲು ತೆಗೆದು, ಸೊಂಟ ಹಿಡಿದುಕೊಂಡು, ಒಂದೊಂದೇ ಕಾಲು ಹೊರಗಿಟ್ಟು ಇಳಿದರು.

"ಚೆಟ್ಟಳ್ಳಿಯಿಂದ ಇಲ್ಲಿವರೆಗೆ ಆ ಲಾರಿಯ ಹಿಂದೆಯೇ," ಅಂದರು. "ದಾರಿ ಬಿಟ್ರೂ ಮುಂದೆ ಹೋಗಬೇಡ ಅಂದೆ. ಕುದಿಯಲಿಲ್ಲ." ಮೀಸೆ ಸವರಿಕೊಂಡರು. "ನನ್ನ ಬೆನ್ನು ಹೋಯ್ತು. ಈ ಸೀಟು ಮನುಷ್ಯರು ಕೂರುವಂಥದ್ದಲ್ಲ. ನಾನು ಪೇಟೆಗೆ ಹೋಗಿ ಮೈಸೂರಿನವರಿಗೆ ಬರಬೇಡಿ ಅಂತ ಟೆಲಿಗ್ರಾಂ ಕೊಟ್ಟು ಬಸ್ಸಿಗೆ ಬರ್ತೇನೆ."

ಎರಡು ಹೆಜ್ಜೆ ಹೋಗಿ ನಿಂತರು.

"ನಿಂಗರಾಜು."

ನಾನು ಬೆಚ್ಚಿದೆ.

"ಮನೆವರೆಗೆ ಕೂತು ಫ್ಯಾನಿನ ಶಬ್ದ ನೋಡಿಕೊ. ದೀಪ ಹಚ್ಚುವ ಮೊದಲು ಮನೆಯಲ್ಲಿರಬೇಕು." ನಡೆಯುತ್ತಲೇ, ಹಿಂದೆ ನೋಡದೆ, ಒಂದು ಮಾತು ಸೇರಿಸಿದರು. "ಇಬ್ಬರೂ."

ಯಮುನ ಕಾರಿನಿಂದ ಇಳಿದು ಮುಂದೆ ಬಂದು ಮೂತಿಯ ಎದುರು ನಿಂತಳು. ಸ್ಕಾರ್ಫ್ ಇರಲಿಲ್ಲ, ಅದು ಇನ್ನೂ ನನ್ನ ಅಂಗೈಗೆ ಸುತ್ತಿತ್ತು. ಫ್ಯಾನು ತಿರುಗುತ್ತಿತ್ತು. ಅವಳು ಸ್ವಲ್ಪ ಬಗ್ಗಿದಳು. ಈ ಬಾರಿ ಕೂದಲು ಮುಂದಕ್ಕೆ ಬಂದು, ಮುಖವನ್ನು ಅರ್ಧ ಮುಚ್ಚಿ, ಜಾಲರಿಯ ಕಡೆಗೆ ಎಳೆದುಕೊಂಡು ಹೋಯಿತು. ಒಂದು ಕೈಯಿಂದ ಅದನ್ನು ಸರಿಸಿ ಕಿವಿಯ ಹಿಂದೆ ಸಿಕ್ಕಿಸಿದಳು. ಮಚ್ಚೆ ಕಾಣುವ ಹಾಗೆ.

"ಸರಿಯಾಗಿ ನೋಡಿ ಹೇಳಿ," ಅಂದಳು. "ಇವತ್ತು ಏನು ಕಾಣ್ತದೆ?"

"ಗಾಳಿ," ಅಂದೆ.

"ಸುಳ್ಳು," ಅಂದಳು ಅವಳು, ಮತ್ತು ನನಗಾಗಿ ಬಾಗಿಲು ತೆಗೆದಳು.